ಗಾಳಿಗೆ ಹದಿನೆಂಟು, ಬಕೆಟ್ಟಿಗೆ ಇಪ್ಪತ್ತನಾಲ್ಕು

೧೯೮೮ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ, ನಾನು ಶಾಲೆ ಬಿಟ್ಟೆ. ಬಡತನದಿಂದ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಮಂಗಳೂರಿನ ಬಂದರಿನಲ್ಲಿ, ಮೀನಿಗೆ ಐಸ್ ಮಾಡುವ ಪ್ಲಾಂಟಿನಲ್ಲಿ ನನ್ನ ಸೋದರಮಾವ ಕೆಲಸಕ್ಕಿದ್ದರು. ದಸರಾ ರಜೆಯಲ್ಲಿ ಅವರಿಗೆ ಬುತ್ತಿ ಕೊಡಲು ಹೋದವನು, ಉಪ್ಪುನೀರಿನ ತೊಟ್ಟಿಯಿಂದ ಎತ್ತಿದ ತಗಡಿನ ಡಬ್ಬಗಳಿಂದ ಸೊಂಟದೆತ್ತರದ ಮಂಜುಗಡ್ಡೆಗಳು ಜಾರಿ ಹೊರಬರುವುದನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ರಜೆ ಮುಗಿಯಿತು, ನಾನು ಹಿಂದಿರುಗಲಿಲ್ಲ. ಅಪ್ಪ ಎರಡು ಸಲ ಕರೆಯಲು ಬಂದರು. ಮೂರನೇ ಸಲ ಬಂದಾಗ ನನ್ನ ಬಟ್ಟೆಯ ಗಂಟು ಇಟ್ಟು ಹೋದರು.

ಅಂದಿನಿಂದ ನನ್ನ ಅನ್ನ ತಣ್ಣಗಿನ ಕೆಲಸದಿಂದಲೇ ಬಂದದ್ದು. ಮೊದಲು ಐಸ್ ಪ್ಲಾಂಟ್, ಆಮೇಲೆ ಫ್ರಿಜ್ ರಿಪೇರಿ ಅಂಗಡಿ, ಅದಾದ ಮೇಲೆ ನೈರೋಬಿಯ ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಪಕ್ಕ, ಯುರೋಪಿಗೆ ಹೋಗುವ ಗುಲಾಬಿ ಹೂಗಳನ್ನಿಡುವ ಕೋಲ್ಡ್ ರೂಮುಗಳು. ಕಂಪ್ರೆಸರಿನ ಮೇಲೆ ಅಂಗೈ ಇಟ್ಟು ಅದಕ್ಕೇನಾಗಿದೆ ಎಂದು ಹೇಳಬಲ್ಲೆ. ಜಂಬಕ್ಕೆ ಹೇಳುತ್ತಾನೆ ಎಂದು ಯಾರಾದರೂ ಅಂದರೆ, ಹೌದು, ಜಂಬಕ್ಕೇ. ಆದರೆ ಆ ಜಂಬ ಒಂದು ಸಲ ಇನ್ನೊಬ್ಬರ ಕೈಯ ಚರ್ಮ ಸುಲಿಸಿದ್ದೂ ಉಂಟು.

ಕಳೆದ ತಿಂಗಳು ನೈರೋಬಿಯ ಕಿಲಿಮಾನಿ ಬಡಾವಣೆಯಲ್ಲಿ ಪರಿಚಯದವರೊಬ್ಬರ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲನ್ನು ಯಾರೋ ಆಗಷ್ಟೇ ಬ್ಲೀಚ್ ಹಾಕಿ ಒರೆಸಿದ್ದರು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಆ ವಾಸನೆ ಮೂಗಿಗೆ ಹತ್ತಿ, ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಹೆಂಡತಿ ಜೆಸಿಂತಾ ಮಂಡಿನೋವು ಎಂದುಕೊಂಡು ಕೈ ಹಿಡಿದಳು. ಮಂಡಿಗೇನೂ ಆಗಿರಲಿಲ್ಲ. ಆರು ವರ್ಷದ ಹಿಂದೆ ಇದೇ ಬೀದಿಯ ಇನ್ನೊಂದು ಕಟ್ಟಡದಲ್ಲಿ, ಇದೇ ವಾಸನೆಯ ಅಡುಗೆಮನೆಯಲ್ಲಿ ಕಳೆದಿದ್ದ ಒಂದು ಚಳಿಗಾಲ ಎದುರಿಗೆ ಬಂದು ನಿಂತಿತ್ತು.

ನೈರೋಬಿಯ ಚಳಿ ಜೂನಿನಲ್ಲಿ ಶುರುವಾಗುತ್ತದೆ. ಮಳೆಯಿಲ್ಲ, ಬಿಸಿಲೂ ಇಲ್ಲ. ಆಕಾಶ ತೊಳೆಯದ ಅಲ್ಯುಮಿನಿಯಂ ಪಾತ್ರೆಯ ಹಾಗೆ ಮೂರು ತಿಂಗಳು ತಲೆಯ ಮೇಲೆ ಕೂತಿರುತ್ತದೆ. ಮಟಾಟು ಬಸ್ಸಿನ ಕಂಡಕ್ಟರುಗಳು ಉಣ್ಣೆಯ ಟೊಪ್ಪಿ ಹಾಕಿಕೊಳ್ಳುತ್ತಾರೆ, ರಸ್ತೆ ಬದಿಯಲ್ಲಿ ಇದ್ದಿಲ ಮೇಲೆ ಜೋಳ ಸುಡುವವರ ಸುತ್ತ ಜನ ಕೊಳ್ಳುವುದಕ್ಕಿಂತ ಕಾಯಿಸಿಕೊಳ್ಳಲು ನಿಲ್ಲುತ್ತಾರೆ. ಆ ವರ್ಷ ಚಳಿಗೆ ಮುಂಚೆಯೇ ನನಗೆ ನಡುಕ ಬಂದಿತ್ತು. ಮೇ ತಿಂಗಳಲ್ಲಿ ನಮ್ಮ ಕೋಲ್ಡ್ ಸ್ಟೋರಿಗೆ ಹೊಸ ಮ್ಯಾನೇಜರ್ ಬಂದಿದ್ದ. ಒಳ್ಳೆಯವನೇ. ಕೂರಿಸಿ, ಚಹಾ ತರಿಸಿ, ಡಿಪ್ಲೊಮಾ ಇಲ್ಲದವರ ಕಾಂಟ್ರ್ಯಾಕ್ಟನ್ನು ಇನ್ನು ಮುಂದುವರಿಸಲು ಆಗುವುದಿಲ್ಲ, ನಿನ್ನದು ಡಿಸೆಂಬರಿಗೆ ಕೊನೆ ಎಂದು ಹೇಳಿದ. ಕಾಂಟ್ರ್ಯಾಕ್ಟ್ ಹೋದರೆ ಪರ್ಮಿಟ್ ಹೋಯಿತು, ಪರ್ಮಿಟ್ ಹೋದರೆ ದೇಶ ಬಿಡಬೇಕು. ಮಗಳು ರಿಯಾಗೆ ಶಾಲೆ ಇನ್ನೂ ಎರಡು ವರ್ಷ ಬಾಕಿಯಿತ್ತು. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ನಾನು ಶಾಲೆ ಬಿಟ್ಟದ್ದು ನನ್ನ ಇಷ್ಟಕ್ಕೆ. ಅವಳು ನನ್ನ ದೆಸೆಯಿಂದ ಅರ್ಧಕ್ಕೆ ಬಿಡುವುದು ಬೇರೆಯೇ ಮಾತು. ಇನ್ನೊಂದು ಕೆಲಸ, ಪರ್ಮಿಟ್ ಕೊಡಿಸುವಂಥದ್ದು, ಡಿಸೆಂಬರಿನೊಳಗೆ ಸಿಗಬೇಕಿತ್ತು.

ಪ್ರಸನ್ನ ಅವರು ಫೋನ್ ಮಾಡಿದ್ದು ಆಗ. ಬೆಂಗಳೂರಿನ ವಿಜಯನಗರದವರು, ಟೆಲಿಕಾಂ ಕಂಪನಿಯ ಎಂಜಿನಿಯರ್, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಹಿಂದಿನ ವರ್ಷ ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ಊಟದಲ್ಲಿ ಪಕ್ಕದ ಎಲೆಯಲ್ಲಿ ಕೂತಿದ್ದರು. ಕಿಲಿಮಾನಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು.

"ಹಿಲರಿಯವ್ರೇ, ಫ್ರಿಜ್ ರಿಪೇರಿ ಅಲ್ಲ," ಎಂದರು. "ಚೆನ್ನಾಗಿರೋ ಫ್ರಿಜ್ಜನ್ನ ಸ್ವಲ್ಪ ಕೆಡಿಸ್ಬೇಕಿತ್ತು."

ಹೋಗಿ ನೋಡಿದರೆ ಅವರಿಗೆ ಮನೆಯಲ್ಲಿ ಬಿಯರ್ ಮಾಡುವ ಹುಚ್ಚು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಕುದಿಸಿ, ಸೋಸಿ, ಇಪ್ಪತ್ತು ಲೀಟರಿನ ಮುಚ್ಚಳದ ಬಕೆಟ್ಟಿಗೆ ಹೊಯ್ದು ಯೀಸ್ಟ್ ಹಾಕಿದರೆ ಅದು ಎರಡು ವಾರ ಹುಳಿಯುತ್ತದೆ. ಆ ಎರಡು ವಾರವೂ ಹದಿನೆಂಟು ಡಿಗ್ರಿಯಲ್ಲಿರಬೇಕು. ಹಗಲು ಹೆಚ್ಚು ರಾತ್ರಿ ಕಡಿಮೆ ಎಂದರೆ ರುಚಿ ಕೆಡುತ್ತದೆ. ಮನೆಯ ಫ್ರಿಜ್ಜಾದರೋ ಹಾಲು ತರಕಾರಿಗೆ ಮಾಡಿದ್ದು, ಎಂಟು ಹತ್ತು ಡಿಗ್ರಿಗಿಂತ ಮೇಲಕ್ಕೆ ನಿಲ್ಲಲು ಅದಕ್ಕೆ ಗೊತ್ತಿಲ್ಲ. ಅದರ ಥರ್ಮೋಸ್ಟ್ಯಾಟ್ ಕಿತ್ತುಹಾಕಿ, ನಮ್ಮದೇ ಒಂದು ಕಂಟ್ರೋಲರ್ ಕಟ್ಟಿ ಕೂರಿಸಬೇಕಿತ್ತು.

ನಾಲ್ಕು ಶನಿವಾರ ಕೂತು ಕಟ್ಟಿದೆವು. ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು, ಡಿಗ್ರಿ ತೋರಿಸುವ ಸಣ್ಣ ಪರದೆ, ಉದ್ದ ವೈರಿನ ತುದಿಯಲ್ಲಿ ಸ್ಟೀಲಿನ ಸೆನ್ಸರು, ಫ್ರಿಜ್ಜಿಗೆ ಕರೆಂಟು ಬಿಡುವ ಕಡಿಯುವ ರಿಲೇ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ತಿಂಡಿ ಡಬ್ಬಿಯೊಳಗೆ ತುಂಬಿದೆವು. ಅವರು ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆಯುವರು, ನಾನು ಬೆಸುಗೆ ಹಾಕುವೆ. ಅವರ ಕೈ ಬೆಸುಗೆಗೆ ನಡುಗುತ್ತಿತ್ತು, ನನಗೆ ಅವರ ಬರವಣಿಗೆ ತಿಳಿಯುತ್ತಿರಲಿಲ್ಲ; ಇಬ್ಬರಿಗೂ ಸರಿಹೋಯಿತು. ಆ ಶನಿವಾರಗಳಷ್ಟು ಹಗುರಾಗಿ ನಾನು ಆ ವರ್ಷ ಬೇರೆಲ್ಲೂ ಕೂತಿರಲಿಲ್ಲ. ನಡುವೆ ಅವರು ಉಪ್ಪಿಟ್ಟು ಮಾಡಿ ಕೊಡುತ್ತಿದ್ದರು. ಡಿಸೆಂಬರಿನ ಸಂಗತಿಯನ್ನು ಜೆಸಿಂತಾ ಬಿಟ್ಟರೆ ನಾನು ಹೇಳಿದ್ದು ಅವರೊಬ್ಬರಿಗೇ.

ಮೂರನೇ ಶನಿವಾರ ಮೊದಲ ಸಲ ಕರೆಂಟು ಕೊಟ್ಟೆವು. ರಿಲೇ ಟಕ್ ಎಂದಿತು, ಕಂಪ್ರೆಸರ್ ಓಡಿತು. ನಿಮಿಷದಲ್ಲಿ ಮತ್ತೆ ಟಕ್, ನಿಂತಿತು. ಮತ್ತೆ ಟಕ್. ಪ್ರಸನ್ನ ಮಗುವಿನ ಹಾಗೆ ನಗುತ್ತಿದ್ದರು. ನಾನು ಪ್ಲಗ್ ಕಿತ್ತುಬಿಟ್ಟೆ. "ಹೀಗೆ ನಿಮಿಷಕ್ಕೊಮ್ಮೆ ಎಬ್ಬಿಸಿ ಮಲಗಿಸಿದ್ರೆ ವಾರದಲ್ಲಿ ಸುಟ್ಟುಹೋಗ್ತದೆ ಮಾರಾಯ್ರೆ. ನಿಂತ ಮೇಲೆ ಗ್ಯಾಸಿನ ಪ್ರೆಶರ್ ಇಳೀಲಿಕ್ಕೆ ಐದು ನಿಮಿಷ ಬೇಕು. ಓಡಿ ಬಂದವನಿಗೆ ಉಸಿರು ಬಿಡ್ಲಿಕ್ಕಾದ್ರೂ ಪುರ್ಸೊತ್ತು ಕೊಡಿ."

ಅವರು ಅದನ್ನು ಬರೆದು ಸೇರಿಸಿದರು. ನಿಂತರೆ ಐದು ನಿಮಿಷ ಏಳಕೂಡದು. ಇದು ತನಗೆ ಹೊಳೆದೇ ಇರಲಿಲ್ಲ ಎಂದರು. ಎಂಜಿನಿಯರೊಬ್ಬರು ನನ್ನ ಬಾಯಿಂದ ಕೇಳಿ ಬರೆದುಕೊಂಡದ್ದು ನನ್ನ ತಲೆಗೇರಿತು. ಅದು ಏರದೇ ಹೋಗಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ನಾಲ್ಕನೇ ಶನಿವಾರ ಸೆನ್ಸರನ್ನು ಎಲ್ಲಿಡುವುದು ಎಂಬ ಮಾತು ಬಂತು. ಕೋಲ್ಡ್ ರೂಮಿನಲ್ಲಿ ಸೆನ್ಸರ್ ಗಾಳಿಯಲ್ಲಿ ತೂಗುತ್ತದೆ, ಫ್ಯಾನಿಗೆ ಗಾಳಿ ಹಿಂದಿರುಗುವ ಜಾಗದಲ್ಲಿ. ಇಪ್ಪತ್ತು ವರ್ಷ ನಾನು ಹಾಗೆಯೇ ತೂಗುಹಾಕಿದ್ದು. ಬಿಯರ್ ಮಾಡುವವರಲ್ಲಿ ಕೆಲವರು ಬಕೆಟ್ಟಿನ ಮೈಗೇ ಅಂಟಿಸಬೇಕು ಎಂದು ಬರೆಯುತ್ತಾರೆ ಎಂದು ಪ್ರಸನ್ನ ಮೆಲ್ಲಗೆ ಹೇಳಿದರು.

"ಅವ್ರು ಎಷ್ಟು ಕೋಲ್ಡ್ ರೂಮ್ ಹಾಕಿದ್ದಾರಂತೆ?" ಎಂದೆ.

ಅವರು ನಕ್ಕು ವೈರನ್ನು ನನ್ನ ಕೈಗೆ ಕೊಟ್ಟರು. ಸೆನ್ಸರನ್ನು ಮೇಲಿನ ತಟ್ಟೆಯಿಂದ ಗಾಳಿಗೆ ಇಳಿಬಿಟ್ಟೆ.

ಎರಡು ವಾರ ಡಬ್ಬಿಯ ಮೇಲಿನ ಅಂಕಿ ಹದಿನೆಂಟರಿಂದ ಅಲುಗಲಿಲ್ಲ. ನಾನು ಫೋನಿನಲ್ಲಿ ದಿನಾ ಕೇಳುತ್ತಿದ್ದೆ, ಅವರು ಹದಿನೆಂಟು ಎನ್ನುತ್ತಿದ್ದರು. ಬಾಟಲಿಗೆ ತುಂಬಿ ಇನ್ನೆರಡು ವಾರ ಇಟ್ಟ ಮೇಲೆ, ಜುಲೈಯ ಮೊದಲ ಭಾನುವಾರ, ಅವರು ಕಮಾವ್ ಎಂಬವರನ್ನು ಕರೆಸಿದರು. ಐವತ್ತೈದರ ಪ್ರಾಯದವರು, ಹಿಂದೆ ಹಾಲಿನ ಡೈರಿ ನಡೆಸಿದವರು, ನಗರದಂಚಿನ ಗಿಗಿರಿಯಿಂದ ಆಚೆ ಸಣ್ಣದೊಂದು ಬಿಯರ್ ಕಾರ್ಖಾನೆ ಕಟ್ಟಿಸುತ್ತಿದ್ದರು. ಸೆಪ್ಟೆಂಬರಿನ ಕೊನೆಗೆ ಟ್ಯಾಂಕುಗಳು ಬರಲಿದ್ದವು, ಅವುಗಳ ಕೂಲಿಂಗ್ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಪ್ರಸನ್ನ ಅವರನ್ನು ಕರೆಸಿದ್ದು ಬಿಯರ್ ಕುಡಿಸಲಿಕ್ಕಲ್ಲ, ನನ್ನ ಕೆಲಸ ತೋರಿಸಲಿಕ್ಕೆ.

ಕಮಾವ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ನಾನೂ ಕುಡಿದೆ. ಕಳಿತು ಹೋದ ಬಾಳೆಹಣ್ಣಿನ ವಾಸನೆ, ನುಂಗಿದ ಮೇಲೆ ಗಂಟಲಲ್ಲಿ ಸ್ಪಿರಿಟ್ಟಿನ ಉರಿ. ಕೈಕೆಲಸದವರನ್ನು ಇಲ್ಲಿ ಫುಂಡಿ ಎನ್ನುತ್ತಾರೆ. ಕಮಾವ್ ನನ್ನ ಕಡೆ ತಿರುಗಿ, ಫುಂಡಿ, ಇದು ನಿನ್ನ ಫ್ರಿಜ್ಜಿನದಾ ಎಂದು ಕೇಳಿದರು.

ನನ್ನ ಕಣ್ಣ ಮುಂದೆ ಡಿಸೆಂಬರ್ ಬಂತು, ರಿಯಾಳ ಯೂನಿಫಾರ್ಮ್ ಬಂತು. ಆದರೆ ನಿಜ ಹೇಳಬೇಕೆಂದರೆ ಅದಕ್ಕೂ ಮೊದಲು ಬಂದದ್ದು ಸಿಟ್ಟು. ನನ್ನ ಫ್ರಿಜ್ಜೇ? ಎರಡು ವಾರ ಹದಿನೆಂಟು ಹಿಡಿದು ನಿಂತ ಫ್ರಿಜ್ಜು ಅದು, ಬೇಕಾದರೆ ಇವರನ್ನೇ ಕೇಳಿ ಎಂದೆ. ಪಾತ್ರೆ ಶುದ್ಧವಾಗಿ ತೊಳೆಯದಿದ್ದರೆ ಫ್ರಿಜ್ಜೇನು ಮಾಡುತ್ತದೆ ಎಂದೂ ಸೇರಿಸಿದೆ. ಡೈರಿ ನಡೆಸಿದವರಿಗೆ ಪಾತ್ರೆಯ ಕೊಳೆ ಎಂದರೆ ಬೇರೆ ಸಾಕ್ಷಿ ಬೇಡ. ಕಮಾವ್ ತಲೆಯಾಡಿಸಿದರು. ಟ್ಯಾಂಕು ಬರುವ ಮುಂಚೆ ಒಮ್ಮೆ ಜಾಗ ನೋಡಲು ಬಾ ಎಂದು ನನಗೆ ಹೇಳಿ ಎದ್ದರು. ಪ್ರಸನ್ನ ಬಾಗಿಲವರೆಗೆ ಹೋಗಿ ಅವರ ಕ್ಷಮೆ ಕೇಳಿ ಬಂದರು. "ನಂದೇ ತಪ್ಪು ಹಿಲರಿಯವ್ರೇ, ನಿಮ್ ಕೆಲ್ಸ ಹಾಳ್ಮಾಡ್ಬಿಡ್ತಿದ್ದೆ," ಎಂದರು.

ಆಮೇಲೆ ಅವರು ತೊಳೆಯಲು ಶುರುಮಾಡಿದರು. ಮೊದಲು ಬಕೆಟ್ಟು, ಆಮೇಲೆ ಪೈಪು, ಸೌಟು, ಬಾಟಲಿ, ಕೊನೆಗೆ ಅಡುಗೆಮನೆಯ ಕಟ್ಟೆ, ನೆಲ. ಬ್ಲೀಚ್ ನೀರಿನಲ್ಲಿ ನೆನೆಸಿ, ಉಜ್ಜಿ, ಕುದಿಯುವ ನೀರು ಹೊಯ್ದು, ಒಣಗಿಸಿ, ಮತ್ತೆ ನೆನೆಸುವುದು. ಹಳೆಯ ಬಕೆಟ್ ಎಸೆದು ಹೊಸದು ತಂದು ಅದನ್ನೂ ಉಜ್ಜಿದರು. ನಾನು ಹೋದಾಗಲೆಲ್ಲ ಫ್ಲ್ಯಾಟಿನ ತುಂಬ ಬ್ಲೀಚ್ ವಾಸನೆ. "ನಮ್ಮಜ್ಜಿ ದೇವ್ರಿಗೂ ಇಷ್ಟು ಮಡಿ ಮಾಡಿರ್ಲಿಲ್ಲ, ನಾನು ಬಿಯರ್‌ಗೆ ಮಾಡ್ತಿದೀನಿ," ಎಂದು ನಗುತ್ತಿದ್ದರು. ನಗುವಾಗ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಒಂದು ದಿನ ಚಹಾ ಕೊಡುವಾಗ ಕಂಡೆ: ಬೆರಳ ಗೆಣ್ಣುಗಳೆಲ್ಲ ಸೀಳಿ, ಅಂಗೈಯ ಚರ್ಮ ಪೊರೆಪೊರೆಯಾಗಿ ಎದ್ದಿತ್ತು. ಗ್ಲೌಸ್ ಹಾಕಿಕೊಳ್ಳಬಾರದಾ ಎಂದೆ. ಗ್ಲೌಸ್ ಹಾಕಿದರೆ ಜಿಡ್ಡು ಗೊತ್ತಾಗುವುದಿಲ್ಲವಂತೆ.

ಆಗಲೂ ನನಗೆ ಅನುಮಾನ ಬರಲಿಲ್ಲ. ಇದನ್ನು ಯಾರು ನಂಬುತ್ತಾರೋ ಬಿಡುತ್ತಾರೋ, ಪಾತ್ರೆಯದೇ ತಪ್ಪು ಎಂದು ನಾನು ಖಂಡಿತವಾಗಿ ನಂಬಿದ್ದೆ.

ಆಗಸ್ಟಿನ ನಡುವೆ ಒಂದು ಶುಕ್ರವಾರ ಅವರು ಎರಡನೇ ಬಿಯರನ್ನು ಬಕೆಟ್ಟಿಗೆ ಹಾಕಿ, ಯೀಸ್ಟ್ ಸೇರಿಸಿ, ಕಂಪನಿಯ ಕೆಲಸದ ಮೇಲೆ ನಾಲ್ಕು ದಿನ ಕಿಸುಮುವಿಗೆ ಹೋದರು. ಬೀಗದಕೈ ನನ್ನ ಹತ್ತಿರ ಕೊಟ್ಟಿದ್ದರು. ಮರುದಿನ ಶನಿವಾರ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಜನ ಬರುವವರಿದ್ದುದರಿಂದ ಜೆಸಿಂತಾ ಇಡ್ಲಿಯಂಥ ನಮ್ಮ ಸಾನ್ನಕ್ಕೆ ಅಕ್ಕಿ ರುಬ್ಬಿ ಇಟ್ಟಿದ್ದಳು. ಊರಿನಲ್ಲಾದರೆ ಶೇಂದಿ ಹಾಕಿ ಉಬ್ಬಿಸುವ ಹಿಟ್ಟು, ಇಲ್ಲಿ ಯೀಸ್ಟ್. ಚಳಿಗೆ ಏಳುವುದಿಲ್ಲವೆಂದು ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮೂಲೆಯಲ್ಲಿಟ್ಟಿದ್ದಳು. ಸಂಜೆ ಅದನ್ನು ಎತ್ತಿ ಕಟ್ಟೆಗೆ ಇಡಿ ಎಂದಳು. ಕಂಬಳಿ ಬಿಚ್ಚಿ ಪಾತ್ರೆಗೆ ಕೈ ಹಾಕಿದೆ. ಅಡುಗೆಮನೆಯ ನೆಲ ಕಾಲಿಗೆ ಕೊರೆಯುತ್ತಿತ್ತು, ಹಿಟ್ಟಿನ ಪಾತ್ರೆಗೆ ಮಾತ್ರ ಜ್ವರ ಬಂದಿತ್ತು.

ಬಿಸಿಲಲ್ಲಿ ಇಟ್ಟಿದ್ದೆಯಾ ಎಂದು ಕೇಳಿದೆ. ಬಿಸಿಲು ಎಲ್ಲಿದೆ ಎಂದಳು. ಮನೆಯಲ್ಲಿ ನಮ್ಮದು ಕೊಂಕಣಿ, ಅವಳು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಉಬ್ಬುವಾಗ ಹಿಟ್ಟು ತಾನೇ ಬಿಸಿ ಆಗ್ತದೆ. ಇಷ್ಟು ವರ್ಷ ತಿಂದದ್ದು ಸುಮ್ಮನೆಯಾ ನೀವು?"

ನಾನು ಪಾತ್ರೆ ಹಿಡಿದುಕೊಂಡೇ ನಿಂತೆ. ಇಪ್ಪತ್ತು ವರ್ಷ ನಾನು ತಣಿಸಿದ್ದು ಕೊಯ್ದು ತಂದ ಹೂಗಳನ್ನು. ಅದಕ್ಕೂ ಮುಂಚೆ ಸತ್ತ ಮೀನಿಗೆ ಐಸ್. ಕೋಣೆಯ ಗಾಳಿ ತಣ್ಣಗಾದರೆ ಅವೂ ತಣ್ಣಗಾಗುತ್ತಿದ್ದವು, ತಮ್ಮದೆಂದು ಹೇಳುವಷ್ಟು ಕಾವು ಅವುಗಳಿಗಿರಲಿಲ್ಲ. ಬಕೆಟ್ಟಿನಲ್ಲಿದ್ದದ್ದು ಬದುಕಿರುವ ಸರಕು. ಗಾಳಿಯನ್ನು ಹದಿನೆಂಟಕ್ಕೆ ತಂದು ನಿಲ್ಲಿಸಿ ನಾನು ಬೆನ್ನು ತಟ್ಟಿಕೊಳ್ಳುತ್ತಿದ್ದಾಗ ಒಳಗೆ ಅದು ತನ್ನ ಬಿಸಿಯಲ್ಲಿ ತಾನೇ ಬೇಯುತ್ತಿತ್ತೋ ಏನೋ.

ಭಾನುವಾರ ಚರ್ಚಿನ ಪೂಜೆ ಮುಗಿದದ್ದೇ, ಊಟಕ್ಕೆ ಬಂದವರನ್ನು ಜೆಸಿಂತಾಳ ತಲೆಗೆ ಕಟ್ಟಿ, ಕೋಲ್ಡ್ ರೂಮಿನ ಗಾಜಿನ ಥರ್ಮಾಮೀಟರ್ ಹಿಡಿದುಕೊಂಡು ಕಿಲಿಮಾನಿಗೆ ಹೋದೆ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಮುಚ್ಚಳದ ತೂತಿನಿಂದ ಒಳಕ್ಕೆ ಇಳಿಸಿದೆ. ಡಬ್ಬಿ ಹದಿನೆಂಟು ತೋರಿಸುತ್ತಿತ್ತು. ಥರ್ಮಾಮೀಟರಿನಲ್ಲಿ ಇಪ್ಪತ್ತನಾಲ್ಕು. ನಂಬದೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆ. ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಒಂದು ಕಡೆ ಗಾಳಿ, ಇನ್ನೊಂದು ಕಡೆ ಬಕೆಟ್ ಎಂದು ಬರೆದೆ. ಮೂರು ಗಂಟೆಯವರೆಗೆ ಎಂಟು ಸಲ ಬರೆದೆ, ಎಂಟು ಸಲವೂ ಆರು ಡಿಗ್ರಿಯ ಅಂತರ. ಆಮೇಲೆ ಸೆನ್ಸರನ್ನು ಬಕೆಟ್ಟಿನ ಮೈಗೆ ಒತ್ತಿ ಅಂಟಿಸಿ, ಅದರ ಮೇಲೆ ಪೈಪಿಗೆ ಸುತ್ತುವ ಕಪ್ಪು ಫೋಮಿನ ತುಂಡು ಇಟ್ಟು ಟೇಪ್ ಸುತ್ತಿದೆ. ಕಂಪ್ರೆಸರ್ ಎದ್ದು ಓಡತೊಡಗಿತು. ಸೋಮವಾರ ಕೆಲಸ ಬಿಟ್ಟು ಹೋಗಿ ನೋಡಿದರೆ ಬಕೆಟ್ ಹದಿನೆಂಟಕ್ಕೆ ಇಳಿದಿತ್ತು.

ಪ್ರಸನ್ನ ಕಿಸುಮುವಿನಿಂದ ಬಂದಾಗ, ಸೆನ್ಸರನ್ನು ಸ್ವಲ್ಪ ಜಾಗ ಬದಲಿಸಿದ್ದೇನೆ ಎಂದಷ್ಟೇ ಹೇಳಿದೆ. ಆಯ್ತು ಎಂದರು. ಅವರಿಗೆ ಅದು ದೊಡ್ಡ ವಿಷಯವಾಗಲಿಲ್ಲ. ಅಂದೂ ಬಾಟಲಿ ಉಜ್ಜುತ್ತಿದ್ದರು.

ಒಂದು ತಿಂಗಳು ಆ ಮಾತು ನನ್ನ ಗಂಟಲಿನಲ್ಲಿತ್ತು. ಹೇಳಿದರೆ ಕಮಾವ್ ಅವರ ಕಿವಿಗೆ ಹೋಗುತ್ತದೆ; ಸೆನ್ಸರ್ ಎಲ್ಲಿಡಬೇಕೆಂದು ತಿಳಿಯದ, ಮೇಲಾಗಿ ಸುಳ್ಳು ಹೊರಿಸುವ ಫುಂಡಿಗೆ ಯಾರು ಟ್ಯಾಂಕು ಒಪ್ಪಿಸುತ್ತಾರೆ? ಹೇಳದಿದ್ದರೆ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಜೆಸಿಂತಾಳಿಗೆ ಹೇಳಿದೆ. ಅವಳು ಎದ್ದು ಹೋಗಿ ರಿಯಾ ಓದುತ್ತಿದ್ದ ಕೋಣೆಯ ಬಾಗಿಲು ಎಳೆದು ಬಂದಳು.

ಸೆಪ್ಟೆಂಬರಿನ ನಡುವೆ ಆಕಾಶ ಬಿರಿದು ಬಿಸಿಲು ಬಿದ್ದ ಒಂದು ಮಧ್ಯಾಹ್ನ ಕಮಾವ್ ಮತ್ತೆ ಬಂದರು. ಎರಡನೇ ಬಿಯರ್ ತಿಳಿಯಾಗಿತ್ತು. ಸುಟ್ಟ ರೊಟ್ಟಿಯ ಪರಿಮಳ, ಕೊನೆಗೆ ಹದವಾದ ಕಹಿ. ಕಮಾವ್ ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು. ಪ್ರಸನ್ನರ ಬೆನ್ನಿಗೆ ಹೊಡೆದು, ಕೊನೆಗೂ ಪಾತ್ರೆ ತೊಳೆಯಲು ಕಲಿತೆಯಲ್ಲ ಎಂದು ನಕ್ಕರು. ಪ್ರಸನ್ನರೂ ನಕ್ಕರು. ನಗುವಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಬೆರಳು ಪೂರ್ತಿ ಮಡಚಲು ಬಾರದೆ.

ನಾನು ಎದ್ದು ನೋಟ್‌ಬುಕ್ ತೆಗೆದು ಕಮಾವ್ ಅವರ ಮುಂದಿಟ್ಟೆ. ನನ್ನ ಇಂಗ್ಲಿಷ್ ಚೆನ್ನಾಗಿಲ್ಲ, ಸ್ವಾಹಿಲಿ ಬೆರೆಸಿ ಹೇಳಿದೆ. ಈತನ ಪಾತ್ರೆ ಮೊದಲ ಸಲವೂ ಶುದ್ಧವೇ ಇತ್ತು. ಸೆನ್ಸರನ್ನು ಗಾಳಿಯಲ್ಲಿ ಹಾಕಿದ್ದು ನಾನು. ಬೇಡ ಎಂದು ಈತ ಹೇಳಿದ್ದ, ನಾನು ಕೇಳಲಿಲ್ಲ. ಕೆಡಿಸಿದ್ದು ನನ್ನ ಫ್ರಿಜ್ಜು.

ಪ್ರಸನ್ನ ನನ್ನನ್ನೇ ನೋಡುತ್ತಿದ್ದರು. "ಎರಡು ತಿಂಗ್ಳು ಬಕೆಟ್ ಉಜ್ಜಿದೀನಿ ಹಿಲರಿಯವ್ರೇ," ಎಂದರು.

"ಹೌದು."

"ಯಾವತ್ತು ಗೊತ್ತಾಯ್ತು?"

"ನೀವು ಕಿಸುಮುವಿಗೆ ಹೋದಾಗ."

ಅವರು ಎದ್ದು ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಕೇಳಿತು, ಬಹಳ ಹೊತ್ತು ನಿಲ್ಲಲಿಲ್ಲ. ಕಮಾವ್ ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕಿನ ಎಂಟು ಸಾಲುಗಳನ್ನೂ ಬೆರಳಿಟ್ಟು ಓದಿದರು. ಮುಚ್ಚಿ ಮೇಜಿನ ಮೇಲಿಟ್ಟರು. ಬಿಯರಿಗೆ ಅಸಾಂಟೆ, ಎಂದು ಅಡುಗೆಮನೆಯ ಕಡೆಗೆ ಕೂಗಿ ಧನ್ಯವಾದ ಹೇಳಿ, ಕೆಲಸದ ಮಾತೆತ್ತದೆ ಹೊರಟುಹೋದರು.

ಹನ್ನೊಂದು ದಿನ ಯಾರಿಂದಲೂ ಸುದ್ದಿಯಿಲ್ಲ. ನಾನು ಮಂಗಳೂರಿನ ಫ್ರಿಜ್ ಅಂಗಡಿಯ ಹಳೆಯ ಗೆಳೆಯನಿಗೆ ಫೋನ್ ಮಾಡಿ, ಜನವರಿಗೆ ಬಂದರೆ ಕೆಲಸ ಉಂಟಾ ಎಂದು ಕೇಳಿಯೂ ಆಯಿತು. ಹನ್ನೆರಡನೇ ದಿನ ಪ್ರಸನ್ನ ಫೋನ್ ಮಾಡಿದರು. ದನಿ ಬಿಗಿಯಾಗಿತ್ತು. "ಮೂರನೇದು ಹಾಕ್ತಿದೀನಿ. ಸೆನ್ಸರ್ ನೀವೇ ಬಂದು ಅಂಟಿಸ್ಬೇಕು. ಮತ್ತೆ, ಇನ್ಮೇಲೆ ಬಕೆಟ್ ತೊಳೆಯೋದೂ ನೀವೇ."

ಹೋದೆ. ಅವರು ಬಾಗಿಲು ತೆರೆದು ಸ್ಕ್ರಬ್ಬರನ್ನು ನನ್ನ ಕೈಗೆ ಕೊಟ್ಟರು, ಕುರ್ಚಿ ಎಳೆದು ಎದುರಿಗೇ ಕೂತರು. ನಾನು ಉಜ್ಜುತ್ತಾ ಹೋದೆ, ಅವರು ತಳದಲ್ಲಿ ಇನ್ನೂ ಇದೆ, ಅಂಚಿನಲ್ಲಿ ಇನ್ನೂ ಇದೆ ಎನ್ನುತ್ತಾ ಹೋದರು. ಮೂರನೇ ಬಾರಿ ತೊಳೆಯುವಾಗ ಅವರಿಗೇ ನಗು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ನನ್ನ ಫೋನ್ ಬಡಿಯಿತು. ಕೈಯೆಲ್ಲ ನೊರೆ, ಪ್ರಸನ್ನರೇ ಎತ್ತಿ ನನ್ನ ಕಿವಿಗೆ ಹಿಡಿದರು. ಕಮಾವ್. ಟ್ಯಾಂಕುಗಳು ಬಂದಿವೆ ಫುಂಡಿ ಎಂದರು. ಕೂಲಿಂಗ್ ಕೆಲಸಕ್ಕೆ ಇಬ್ಬರು ಬಂದಿದ್ದರು, ಇಬ್ಬರ ಹತ್ತಿರವೂ ಡಿಪ್ಲೊಮಾ ಇತ್ತು, ನೀವು ಇದುವರೆಗೆ ಏನೇನು ಕೆಡಿಸಿದ್ದೀರಿ ಎಂದು ಕೇಳಿದೆ, ಇಬ್ಬರೂ ಏನೂ ಕೆಡಿಸಿಲ್ಲ ಅಂದರು ಎಂದು ಹೇಳಿದರು. ಸ್ವಲ್ಪ ತಡೆದು, "ಸವಾ. ಕುಜಾ ಜುಮಾತಾತು," ಎಂದರು. ಆಯಿತು, ಸೋಮವಾರ ಬಾ.

ಎರಡು ತಿಂಗಳು ಪರೀಕ್ಷೆಗೆ ಇಟ್ಟುಕೊಂಡು ಆಮೇಲೆ ಖಾಯಂ ಮಾಡಿದರು. ಹೊಸ ಪರ್ಮಿಟ್ ಕೈಗೆ ಬಂದದ್ದು ಹಳೆಯದು ಮುಗಿಯಲು ಒಂಬತ್ತು ದಿನ ಇರುವಾಗ. ರಿಯಾಗೆ ಈ ಸಂಗತಿಯನ್ನೆಲ್ಲ ಅವಳು ಶಾಲೆ ಮುಗಿಸಿದ ದಿನ ಹೇಳಿದೆ. ಅವಳು ಇಂಗ್ಲಿಷಿನಲ್ಲಿ ಏನೋ ಅಂದಳು, ನನಗೆ ಅರ್ಧ ತಿಳಿಯಿತು, ಅಷ್ಟು ಸಾಕಾಯಿತು. ಪ್ರಸನ್ನ ಮರುವರ್ಷ ಬೆಂಗಳೂರಿಗೆ ವರ್ಗವಾದರು. ಹೋಗುವವರೆಗೆ ಅವರ ಬಕೆಟ್ಟುಗಳನ್ನು ತೊಳೆದದ್ದು ನಾನೇ.

ಈಗ ನಾನು ನೋಡಿಕೊಳ್ಳುವ ಟ್ಯಾಂಕುಗಳು ಏಳು. ಒಂದೊಂದರ ಹೊಟ್ಟೆಯೊಳಗೆ ಎರಡೆರಡು ಸೆನ್ಸರ್, ಒಟ್ಟು ಹದಿನಾಲ್ಕು. ನನ್ನ ಜೊತೆ ಕೆಲಸ ಮಾಡುವವರು ಮೂವರು. ತುಂಬಿದ ನೋಟ್‌ಬುಕ್ಕುಗಳು ಹನ್ನೊಂದು. ಸೌತ್ ಬಿ ಬಡಾವಣೆಯಲ್ಲಿ ಬಾಡಿಗೆಯ ಮನೆ ಒಂದು, ಕೋಣೆ ಎರಡು. ಹೆಂಡತಿ ಒಬ್ಬಳು, ಕಾಲೇಜಿನ ಕೊನೆಯ ವರ್ಷದಲ್ಲಿರುವ ಮಗಳು ಒಬ್ಬಳು. ಬೆಂಗಳೂರಿನಿಂದ ಭಾನುವಾರ ಭಾನುವಾರ ಫೋನ್ ಮಾಡುವ ಗೆಳೆಯ ಒಬ್ಬ.